ಇರುವೆಯ ಪಟ್ಟ

ಮೇಲು-ಕೀಳು ಪ್ರಕೃತಿಯ ನಿಯಮವಪ್ಪಾ, ಇರುವೆಯಲ್ಲೂ ರಾಣಿ-ಆಳು ಇಲ್ಲವೇ ಅಂತ ಕಟ್ಟೆ ಮೇಲೆ ಕೂತು ಹೇಳುವವರು ಕಡ್ಡಿರಾಂಪುರದಲ್ಲೂ ಸಿಗುತ್ತಾರೆ, ಬೆಂಗಳೂರಲ್ಲೂ ಸಿಗುತ್ತಾರೆ. ಆಗಲಿ, ಇರುವೆಯನ್ನೇ ಕೇಳೋಣ.

ನಮ್ಮ ಜೋಗದ ಸೀಮೆಯಲ್ಲಿ ನೆಗೆಯುವ ಇರುವೆಯುಂಟು. ಅದರ ಗೂಡಲ್ಲಿ ಮೊಟ್ಟೆ ಇಡುವುದು ರಾಣಿ; ಆಳಿನ ಆಯಸ್ಸು ಸುಮಾರು 7 ತಿಂಗಳು. ರಾಣಿ ಸತ್ತರೆ ಆಳುಗಳು ದಿನಗಟ್ಟಲೆ ಮೀಸೆಯಲ್ಲಿ ಬಡಿದಾಡುತ್ತವೆ. ಗೆದ್ದ ಕೆಲವು ಮೊಟ್ಟೆ ಇಡತೊಡಗುತ್ತವೆ. ಆಯಸ್ಸು 4 ವರ್ಷಕ್ಕೇರುತ್ತದೆ! ಮಿದುಳು ಮಾತ್ರ ಐದರಲ್ಲೊಂದು ಪಾಲು ಕುಗ್ಗುತ್ತದೆ (ಪಟ್ಟದ ಮಹಿಮೆ). 2021ರಲ್ಲಿ ವಿಜ್ಞಾನಿಗಳು ಅಂಥವನ್ನು ಮತ್ತೆ ಆಳಾಗಿಸಿದರು. ಅಂಡಾಶಯ ಕುಗ್ಗಿತು, ಮಿದುಳು ಮತ್ತೆ ಬೆಳೆಯಿತು. ಹುಟ್ಟು ಅದೇ, ಮೈ ಅದೇ, ಬದಲಾದದ್ದು ಸ್ಥಾನ. ಅಂಡಾಶಯವೇ ಒಂದು ಪ್ರೋಟೀನು ಸುರಿಸಿ ಮುಪ್ಪನ್ನು ತಡೆಯುತ್ತದೆಂದು 2022ರಲ್ಲಿ ತಿಳಿಯಿತು.

ಇರುವೆ ನಮಗೆ ಗುರುವಲ್ಲ, ಬಡಿದಾಡಿ ಪಟ್ಟ ಹಿಡಿಯುವುದು ನ್ಯಾಯವೂ ಅಲ್ಲ. ಆದರೆ ಮನುಷ್ಯರ ಗೂಡನ್ನೂ ನೋಡಿ. ಒಂಬತ್ತು ರಾಜ್ಯಗಳ 2010-11ರ ಸರ್ಕಾರಿ ಆರೋಗ್ಯ ಸಮೀಕ್ಷೆ ಹಿಡಿದು 2022ರಲ್ಲಿ ಲೆಕ್ಕ ಹಾಕಿದಾಗ, ಮೇಲ್ಜಾತಿ ಹಿಂದೂಗಳಿಗಿಂತ ದಲಿತರ ಸರಾಸರಿ ಆಯಸ್ಸು 3 ವರ್ಷಕ್ಕೂ ಮಿಕ್ಕಿ ಮೊಟಕು. ಬಡತನದ ಪಾಲು ಕಳೆದರೂ ಆ ಅಂತರದಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿಯಿತು. ಅದು ಯಾವ ಪ್ರೋಟೀನಿನ ಕೆಲಸ? ಕಟ್ಟೆಯ ಮೇಲಿನವರೇ ಹೇಳಲಿ.