ಹೆಡಿಗೆಗೆ ಎಷ್ಟು ಕೊಡಬೇಕು?

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯ ಅಡಿಕೆ ಬೆಳೆಗಾರರಲ್ಲಿ, ಮನೆ ನಡೆಸುವ ಅಕ್ಕತಂಗಿಯರಲ್ಲಿ ಒಂದು ವಿನಂತಿ



ರಾಶಿ ಇಡಿ ಇವತ್ತು ಎಷ್ಟು, ಸರಕು, ಬೆಟ್ಟೆ, ಗೊರಬಲು ಎಷ್ಟಕ್ಕೆ ಹೋಯಿತು ಅಂತ ನಾವು ಬೆಳಗ್ಗೆ ಎದ್ದವರೇ ಫೋನು ನೋಡುತ್ತೇವೆ. ದರ ಇಳಿದ ದಿನ ಊಟ ರುಚಿಸುವುದಿಲ್ಲ. ಮಳೆಗಾಲವಿಡೀ ಕೊಳೆರೋಗದ ಜೊತೆ ಗುದ್ದಾಡಿ ಉಳಿಸಿಕೊಂಡ ಫಸಲಿಗೆ ಬೇರೆ ಯಾರೋ ಕೂತು ಬೆಲೆ ಕಟ್ಟುತ್ತಾರಲ್ಲ, ಆ ಸಂಕಟ ನಮಗೆ ಚೆನ್ನಾಗಿ ಗೊತ್ತು.

ಅದೇ ನಾವು ಬಿದಿರು ಹೆಣೆಯುವ ಮೇದಾರರ ಹೆಡಿಗೆ, ಕುಕ್ಕೆ, ಮೊರದ ಮುಂದೆ ನಿಂತಾಗ ಏನು ಮಾಡುತ್ತೇವೆ? ಹೇಳಿದ್ದರಲ್ಲಿ ಅರ್ಧಕ್ಕೆ ಕೇಳುತ್ತೇವೆ. "ಕೊಟ್ಟರೆ ಕೊಡಿ, ಇಲ್ಲದಿದ್ದರೆ ಬೇಡ" ಎಂದು ಎರಡು ಹೆಜ್ಜೆ ಮುಂದೆ ಹೋಗುತ್ತೇವೆ. ಸಂಜೆಯ ಬಸ್ಸಿಗೆ ಹೊತ್ತಾದ, ಬುಟ್ಟಿ ಮಾರುವ ಹೆಂಗಸು ನಮ್ಮನ್ನು ಕರೆದೇ ಕರೆಯುತ್ತಾಳೆ. ನಾನೂ ಎಷ್ಟೋ ಸಲ ಹೀಗೆ ಕೊಂಡಿದ್ದೇನೆ. ಅದು ತಪ್ಪು ಎಂದು ಈಗ ಎಲ್ಲರೆದುರು ಹೇಳುತ್ತಿದ್ದೇನೆ.

ಹಾಗಾದರೆ ಸರಿಯಾದ ಬೆಲೆ ಯಾವುದು? ದಿನ ಎಣಿಸಿ. ಬಿದಿರು ಹುಡುಕಿ ಕಡಿದು ತರಲು ಒಂದು ದಿನ, ಸೀಳಿ ಸವರಿ ನಯ ಮಾಡಲು ಒಂದು ದಿನ, ಹೆಣೆದು ಬಾಯಿ ಕಟ್ಟಲು ಎರಡು ದಿನ, ಒಟ್ಟು ಎಂಟು ಕುಕ್ಕೆ ಎಂದುಕೊಳ್ಳೋಣ. 2025-26ರಲ್ಲಿ ಉದ್ಯೋಗ ಖಾತ್ರಿಯಡಿ ನಮ್ಮ ರಾಜ್ಯಕ್ಕೆ ಗೊತ್ತುಮಾಡಿದ ದಿನಗೂಲಿ 370 ರೂಪಾಯಿ. ನಾಲ್ಕು ದಿನಕ್ಕೆ 1,480. ಒಂದು ಕುಕ್ಕೆಗೆ ಕೂಲಿಯೇ 185 ಬಿತ್ತು. ಬಿದಿರಿನ ದುಡ್ಡು, ಬಸ್ ಚಾರ್ಜು, ಮಾರಾಟವಾಗದೆ ವಾಪಸು ಹೊತ್ತ ದಿನ ಇನ್ನೂ ಸೇರಿಲ್ಲ. ಈ 370 ಮಣ್ಣು ಹೊರುವ ಕೆಲಸದ ಕೂಲಿ. ಮರ ಹತ್ತುವ ಕೊನೆಗಾರನಿಗೆ ಅಷ್ಟು ಕೊಡುತ್ತೇನೆ ಎಂದು ನೋಡಿ, ತಿರುಗಿಯೂ ನೋಡುವುದಿಲ್ಲ. ಬುಟ್ಟಿ ಹೆಣೆಯುವುದೂ ಕಲಿತ ಕೈಯ ಕೆಲಸವೇ.

ಕನಿಕರಕ್ಕೆ ಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಮಾಲು ನೋಡಿಯೇ ಕೊಳ್ಳಿ. ಬಿದಿರಿನ ಹೊರಮೈಯ ಸೀಳು ಗಟ್ಟಿ, ಒಳತಿರುಳಿನದು ಬೇಗ ಮುರಿಯುತ್ತದೆ. ಯಾವುದು ಎಷ್ಟಿದೆ ನೋಡಿ. ಬುಟ್ಟಿಯನ್ನು ಬೆಳಕಿಗೆ ಹಿಡಿಯಿರಿ, ಹೆಣಿಗೆ ಎಲ್ಲೂ ಸಡಿಲ ಇರಬಾರದು. ಬಾಯಿಯ ಕಟ್ಟನ್ನು ಹೆಬ್ಬೆರಳಿನಿಂದ ಒತ್ತಿ. ಬುಟ್ಟಿ ಮೊದಲು ಬಿಚ್ಚಿಕೊಳ್ಳುವುದು ಅಲ್ಲಿಯೇ. ಒಳಗೆ ಅಂಗೈ ಆಡಿಸಿ, ಸಿಬಿರು ಚುಚ್ಚಬಾರದು. ಹುಳ ಹಿಡಿಯಬಾರದೆಂದು ಕೃಷ್ಣಪಕ್ಷದಲ್ಲೇ ಬಿದಿರು ಕಡಿಯುವ ರೂಢಿಯಿದೆ, ಅದನ್ನೂ ಕೇಳಿ. ಕೆಲಸ ಕಳಪೆಯಾದರೆ ಬೇಡ ಎನ್ನಿ. ಚೆನ್ನಾಗಿದ್ದರೆ ಚೌಕಾಸಿ ಬಿಟ್ಟು ಕೊಡಿ. ನಮ್ಮ ಅಟ್ಟದಲ್ಲಿ ಅಜ್ಜಿಯ ಕಾಲದ ಹೆಡಿಗೆಯೊಂದಿದೆ. ಒಲೆಯ ಹೊಗೆ ಕುಡಿದು ಕಪ್ಪಾಗಿದೆ, ಒಂದು ಸೀಳೂ ಸಡಿಲಾಗಿಲ್ಲ.

ಪ್ಲಾಸ್ಟಿಕ್ ಅಗ್ಗ ಎನ್ನುವವರಿದ್ದಾರೆ. ನಿಜ, ಅಗ್ಗವೇ. ಆದರೆ ಹಂಡೆಯಿಂದ ತೆಗೆದ ಬಿಸಿ ಅಡಿಕೆಯನ್ನು ಅದರಲ್ಲಿ ಸುರಿದು ನೋಡಿ. ಚೊಗರು ಬಸಿದುಹೋಗಲು ಬಿದಿರ ಬುಟ್ಟಿಗೆ ಸಮನಾದದ್ದು ನಾನು ಕಂಡಿಲ್ಲ.

ಮೇದಾರರಿಗೆ ಅನ್ಯಾಯ ಹೊಸದೇನಲ್ಲ. ದಾಂಡೇಲಿಯ ಕಾಗದ ಕಾರ್ಖಾನೆಗೆ ಸರ್ಕಾರ ಕಾಡಿನ ಬಿದಿರನ್ನು ಟನ್ನಿಗೆ ಒಂದೂವರೆ ರೂಪಾಯಿಗೆ ಕೊಟ್ಟಿತ್ತು, ಅದೇ ಕಾಲಕ್ಕೆ ಬುಟ್ಟಿ ಹೆಣೆಯುವವರು ಅದರ ಎಷ್ಟೋ ಪಟ್ಟು ತೆತ್ತು ಪೇಟೆಯಲ್ಲಿ ಕೊಳ್ಳಬೇಕಿತ್ತು ಎಂದು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಬರೆದಿದ್ದಾರೆ. ಕಾಡಿನ ಹೊರಗೆ ಬೆಳೆದ ಬಿದಿರನ್ನು ಅರಣ್ಯ ಕಾಯ್ದೆಯ 'ಮರ'ದ ಪಟ್ಟಿಯಿಂದ ತೆಗೆಯಲು 2017ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಈಗಂತೂ ನಮ್ಮ ಬೇಲಿಯಂಚಿನಲ್ಲಿ ನಾಲ್ಕು ಮೆಳೆ ಬೆಳೆಸಿ ಅವರಿಗೆ ಕೊಡಲು ಅಡ್ಡಿಯೇನು?

ಗೌರಿ ಹಬ್ಬದ ಬಾಗಿನಕ್ಕೆ ಜೊತೆ ಮೊರ ಬೇಕೇ ಬೇಕು. ಒಳಗಿಡುವ ರವಿಕೆ ಕಣಕ್ಕೆ ಅಂಗಡಿಯಲ್ಲಿ ಬರೆದಷ್ಟೇ ಕೊಡುತ್ತೇವೆ, ಮೊರಕ್ಕೆ ಮಾತ್ರ ಚೌಕಾಸಿ. ಈ ವರ್ಷ ಅದನ್ನು ನಿಲ್ಲಿಸಿ.

ಸುಗ್ಗಿಗೆ ಬೇಕಾದ ಹೆಡಿಗೆಗಳನ್ನು ಎರಡು ತಿಂಗಳು ಮೊದಲೇ ಹೇಳಿ. "ಎಷ್ಟು ದಿನದ ಕೆಲಸ?" ಎಂದು ಕೇಳಿ, ಲೆಕ್ಕ ಹಾಕಿ, ಅರ್ಧ ದುಡ್ಡು ಮುಂಗಡ ಕೊಡಿ. ಓದಿದ ಮೇಲೆ ಈ ಹಾಳೆಯನ್ನು ಪಕ್ಕದ ಮನೆಗೂ ಕೊಡಿ.