ವ್ಹೀಲಿಂಗ್ ಪುಂಡಾಟಕ್ಕೆ ಕಾನೂನಿನ ‘ಅಥವಾ’ ರಕ್ಷೆ

ಮುಂದಿನ ಚಕ್ರವನ್ನು ಗಾಳಿಗೆತ್ತಿ ಒಂದೇ ಚಕ್ರದ ಮೇಲೆ ಬೈಕ್ ಓಡಿಸುವ ಪುಂಡಾಟ ಒಂದು ಕಾಲಕ್ಕೆ ಮಹಾನಗರದ ಹೊರವಲಯಕ್ಕೆ ಸೀಮಿತವಾಗಿತ್ತು. ಈಗ ಅದು ತಾಲ್ಲೂಕು ಕೇಂದ್ರಗಳನ್ನೂ ತಲುಪಿದೆ. 2025ರ ಮೇ ತಿಂಗಳಲ್ಲಿ ಗಂಗಾವತಿ ಭಾಗದ ವ್ಹೀಲಿಂಗ್ ಪ್ರಕರಣವೊಂದರ ಆರೋಪಿಗೆ ಜಾಮೀನು ನಿರಾಕರಿಸಿದ ಹೈಕೋರ್ಟ್‌ನ ನ್ಯಾಯಮೂರ್ತಿ ವಿ. ಶ್ರೀಶಾನಂದ ಅವರು ಇದನ್ನೇ ಗುರುತಿಸಿ, ಈ ಪಿಡುಗನ್ನು ಮಟ್ಟಹಾಕಲು ಹಾಲಿ ಕಾನೂನು ಸಾಲದು, ಸರ್ಕಾರ ಕಠಿಣ ನಿಯಮ ರೂಪಿಸಬೇಕು ಎಂದು ಅಭಿಪ್ರಾಯಪಟ್ಟರು. ಆದರೆ ಒಂದು ಅಂಶವನ್ನು ಮರೆಯುವಂತಿಲ್ಲ. ಆ ಪ್ರಕರಣದಲ್ಲಿ ತಡೆಯಲು ಬಂದ ಪೊಲೀಸರ ಮೇಲೆ ಹಲ್ಲೆ ನಡೆಸಿದ ಆರೋಪವೂ ಇತ್ತು. ಬರೀ ವ್ಹೀಲಿಂಗ್ ಆಗಿದ್ದರೆ ಜಾಮೀನಿನ ಪ್ರಶ್ನೆ ಹೈಕೋರ್ಟ್‌ವರೆಗೆ ಬರುತ್ತಲೇ ಇರಲಿಲ್ಲ. ಅದು ಜಾಮೀನು ಸಿಗುವ ಅಪರಾಧ.

ಮೋಟಾರು ವಾಹನ ಕಾಯ್ದೆಯಲ್ಲಿ ‘ವ್ಹೀಲಿಂಗ್’ ಎಂಬ ಪದವೇ ಇಲ್ಲ. ಅಪಾಯಕಾರಿ ಚಾಲನೆಯನ್ನು ಶಿಕ್ಷಿಸುವ 184ನೇ ಸೆಕ್ಷನ್‌ಗೆ 2019ರ ತಿದ್ದುಪಡಿಯಲ್ಲಿ ಒಂದು ವಿವರಣೆ ಸೇರಿತು. ಕೆಂಪು ದೀಪ ದಾಟುವುದು, ಕೈಯಲ್ಲಿ ಮೊಬೈಲ್ ಹಿಡಿದು ಓಡಿಸುವುದು, ಎದುರು ದಿಕ್ಕಿನಲ್ಲಿ ನುಗ್ಗುವುದು ಮುಂತಾದವು ಅದರಲ್ಲಿವೆ. ವ್ಹೀಲಿಂಗ್ ಮಾತ್ರ ‘ಎಚ್ಚರಿಕೆಯ ಚಾಲಕನಿಂದ ನಿರೀಕ್ಷಿಸಲಾಗದ ರೀತಿಯ ಚಾಲನೆ’ ಎಂಬರ್ಥದ ಕೊನೆಯ ಬಾಬಿನಲ್ಲಿ ನುಸುಳಿಕೊಳ್ಳಬೇಕು. ಅನುಮತಿಯಿಲ್ಲದ ರೇಸ್‌ಗೆ 189ನೇ ಸೆಕ್ಷನ್ ಇದೆ. ಅದರಡಿ ಮೊದಲ ಬಾರಿಗೆ ಮೂರು ತಿಂಗಳವರೆಗಿನ ಸಜೆ ಅಥವಾ 5,000 ರೂಪಾಯಿವರೆಗಿನ ದಂಡ, ಇಲ್ಲವೇ ಎರಡೂ. 2019ಕ್ಕೆ ಮೊದಲು ಆ ದಂಡ 500 ರೂಪಾಯಿ ಮಾತ್ರವಾಗಿತ್ತು.

ಕಾನೂನಿನ ಸೋರಿಕೆ ಇರುವುದು ಒಂದು ಸಣ್ಣ ಪದದಲ್ಲಿ. 184ನೇ ಸೆಕ್ಷನ್ ಓದಿದರೆ ಮೊದಲ ಅಪರಾಧಕ್ಕೇ ಕನಿಷ್ಠ ಆರು ತಿಂಗಳು, ಗರಿಷ್ಠ ಒಂದು ವರ್ಷ ಸಜೆ ಎಂದಿದೆ. ಕೇಳುವವರಿಗೆ ಎದೆ ಝಲ್ಲೆನ್ನಬೇಕು. ಅದರ ಬೆನ್ನಿಗೇ ‘ಅಥವಾ’ ಬರುತ್ತದೆ: ಅಥವಾ 1,000ದಿಂದ 5,000 ರೂಪಾಯಿವರೆಗೆ ದಂಡ. ಆರು ತಿಂಗಳ ಜೈಲಿಗೆ ಪರ್ಯಾಯವಾಗಿ ಒಂದು ಸಾವಿರ ರೂಪಾಯಿ! ಇವೆರಡರ ನಡುವೆ ಮೆಟ್ಟಿಲೇ ಇಲ್ಲ. ಇಪ್ಪತ್ತು ವರ್ಷದ ಹುಡುಗನೊಬ್ಬ ಮೊದಲ ಬಾರಿ ಕಟಕಟೆಯಲ್ಲಿ ನಿಂತು ತಪ್ಪೊಪ್ಪಿಕೊಂಡರೆ, ಅವನನ್ನು ಅರ್ಧ ವರ್ಷ ಕಾರಾಗೃಹಕ್ಕೆ ತಳ್ಳಲು ನ್ಯಾಯಾಧೀಶರ ಮನಸ್ಸು ಒಪ್ಪುವುದು ಕಷ್ಟ. ದಂಡ ಕಟ್ಟಿ ಹೊರಬಂದವನಿಗೆ ಅದು ಬೈಕಿನ ಸೈಲೆನ್ಸರ್ ಬದಲಿಸುವ ಖರ್ಚಿಗಿಂತ ಹೆಚ್ಚಲ್ಲ.

ಇದೇ ಕಾಯ್ದೆಯ 199ಎ ಸೆಕ್ಷನ್ ಬೇರೆಯೇ ಕಥೆ ಹೇಳುತ್ತದೆ. ಅಪ್ರಾಪ್ತರು ವಾಹನ ಓಡಿಸಿ ಅಪರಾಧ ಎಸಗಿದರೆ ಪಾಲಕರಿಗೆ ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷದವರೆಗಿನ ಸಜೆ ‘ಮತ್ತು’ 25,000 ರೂಪಾಯಿ ದಂಡ. ವಾಹನದ ನೋಂದಣಿ 12 ತಿಂಗಳು ರದ್ದು. ಆ ಬಾಲಕನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ದಂಡದ ಮೊತ್ತ ನಿಗದಿಯಾಗಿರುವುದರಿಂದ ಚೌಕಾಸಿಗೆ ಆಸ್ಪದವಿಲ್ಲ. ಶಿವಮೊಗ್ಗ ಸೇರಿದಂತೆ ರಾಜ್ಯದ ಹಲವು ನ್ಯಾಯಾಲಯಗಳು ಅಪ್ಪ-ಅಮ್ಮಂದಿರಿಂದ ಈ ದಂಡ ಕಟ್ಟಿಸಿಕೊಂಡಾಗ ಊರಿಗೆ ಊರೇ ಮಾತಾಡಿಕೊಂಡಿತು. ಹದಿನೇಳರ ಮಗನಿಗೆ ಕೀಲಿಕೈ ಕೊಟ್ಟ ತಂದೆ 25,000 ತೆರಬೇಕು. ಹತ್ತೊಂಬತ್ತರ ಮಗ ಅದೇ ರಸ್ತೆಯಲ್ಲಿ ಚಕ್ರ ಎತ್ತಿದರೆ ಒಂದೆರಡು ಸಾವಿರದಲ್ಲಿ ಮುಗಿಯುತ್ತದೆ. ಎರಡು ವರ್ಷದ ಅಂತರಕ್ಕೆ ಇಷ್ಟು ಅಜಗಜಾಂತರ ಏಕೆಂದು ಶಾಸನ ಸಭೆಗಳೇ ಉತ್ತರಿಸಬೇಕು.

ಅತಿವೇಗದ ವಿಷಯದಲ್ಲಿ ತೊಡಕು ಇನ್ನೂ ಸೂಕ್ಷ್ಮವಾದುದು. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು, ಅವರಲ್ಲಿ ಶೇ. 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಶೇ. 71ರಷ್ಟು ಸಾವುಗಳಿಗೆ ಅತಿವೇಗವೇ ಕಾರಣ ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ದಾಖಲಿಸಿದೆ. ಆದರೆ ನ್ಯಾಯಾಲಯದಲ್ಲಿ ‘ವೇಗವಾಗಿ ಬಂತು’ ಎಂಬ ಮಾತಿಗೆ ಕವಡೆ ಕಿಮ್ಮತ್ತು. ಕರ್ನಾಟಕ ಸರ್ಕಾರವೇ ಮೇಲ್ಮನವಿದಾರನಾಗಿದ್ದ ಲಾರಿ ಅಪಘಾತದ ಪ್ರಕರಣವೊಂದರಲ್ಲಿ 1998ರಲ್ಲಿ ಸುಪ್ರೀಂ ಕೋರ್ಟ್, ಅತಿವೇಗ ಎಂಬುದು ಸಾಪೇಕ್ಷ. ಸಾಕ್ಷಿಗಳು ಬರಿದೇ ಹಾಗೆಂದ ಮಾತ್ರಕ್ಕೆ ದುಡುಕು, ನಿರ್ಲಕ್ಷ್ಯ ಸಾಬೀತಾಗದು ಎಂದಿತು. ಹಾಗಾಗಿ ತನಿಖಾಧಿಕಾರಿಯ ಕೈಯಲ್ಲಿ ಕ್ಯಾಮೆರಾದ ಅಳತೆ, ರಸ್ತೆಯ ಮೇಲಿನ ಟೈರ್ ಗುರುತಿನ ಮಹಜರು ಇಲ್ಲದಿದ್ದರೆ ಮೊಕದ್ದಮೆ ಬಿದ್ದುಹೋಗುತ್ತದೆ. ಪುಂಡರೇ ಹರಿಬಿಡುವ ರೀಲ್ಸ್ ವಿಡಿಯೊಗಳು ಪೊಲೀಸರಿಗೆ ಸುಳಿವು ಕೊಡುತ್ತವೆ ನಿಜ. ಆದರೆ ವಿದ್ಯುನ್ಮಾನ ಸಾಕ್ಷ್ಯಕ್ಕೆ ಕಾನೂನು ಬೇಡುವ ಪ್ರಮಾಣಪತ್ರವಿಲ್ಲದೆ ಅವೂ ನಿಲ್ಲವು.

ಸಾವು ಸಂಭವಿಸಿದಾಗಲೂ ಶಿಕ್ಷೆ ಕರಗುತ್ತಿದ್ದುದು ಹೊಸತೇನಲ್ಲ. ಪಂಜಾಬಿನ ಪ್ರಕರಣವೊಂದರಲ್ಲಿ ಪರಿಹಾರ ಕೊಟ್ಟನೆಂಬ ಕಾರಣಕ್ಕೆ ಹೈಕೋರ್ಟ್ ಒಂದು ವರ್ಷದ ಸಜೆಯನ್ನು 24 ದಿನಕ್ಕೆ ಇಳಿಸಿತ್ತು. 2015ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಆರು ತಿಂಗಳಿಗೆ ಏರಿಸಿ, ಶಿಕ್ಷೆಯ ಪ್ರಮಾಣವನ್ನೇ ಮರುಪರಿಶೀಲಿಸುವಂತೆ ಶಾಸಕಾಂಗಕ್ಕೆ ಸೂಚಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯು ನಿರ್ಲಕ್ಷ್ಯದ ಸಾವಿಗೆ ಗರಿಷ್ಠ ಶಿಕ್ಷೆಯನ್ನು ಎರಡರಿಂದ ಐದು ವರ್ಷಕ್ಕೆ ಹೆಚ್ಚಿಸಿದೆ. ಇಲ್ಲಿಯೂ ಕನಿಷ್ಠ ಮಿತಿ ಇಲ್ಲ.

ಸರ್ಕಾರವೂ ಗಟ್ಟಿ ಸಂದೇಶ ಕೊಟ್ಟಿಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಏರಿಸಿದ ದಂಡಗಳನ್ನು ಅದೇ ತಿಂಗಳು ಇಳಿಸಲಾಯಿತು. 2023ರ ಫೆಬ್ರುವರಿಯಲ್ಲಿ ಬಾಕಿ ದಂಡಕ್ಕೆ ಶೇ. 50ರ ರಿಯಾಯಿತಿ ಬಂತು. 2025ರಲ್ಲಿ ಮತ್ತೆ ಬಂತು. ಬೊಕ್ಕಸಕ್ಕೆ ಕೋಟಿಗಟ್ಟಲೆ ಹರಿಯಿತು. ದಂಡವೆಂಬುದು ಹಬ್ಬದ ಸೀರೆಯಂತೆ ರಿಯಾಯಿತಿಯಲ್ಲಿ ಸಿಗುವಾಗ ಕಾದು ಕೂರುವವನೇ ಜಾಣ.

ಈ ಸಡಿಲತೆಯ ಫಲ 2024ರ ಆಗಸ್ಟ್‌ನಲ್ಲಿ ನೆಲಮಂಗಲ ಬಳಿ ಕಂಡಿತು. ವ್ಹೀಲಿಂಗ್‌ನಿಂದ ರೋಸಿಹೋದ ಜನ ತುಮಕೂರು ರಸ್ತೆಯ ಮೇಲ್ಸೇತುವೆಯಿಂದ ಸ್ಕೂಟರ್‌ಗಳನ್ನೇ ಕೆಳಕ್ಕೆ ಎಸೆದರು. ಕೆಳಗಿನ ರಸ್ತೆಯಲ್ಲಿ ಯಾರಾದರೂ ಹೋಗುತ್ತಿದ್ದರೆ ಗತಿ ಏನು ಎಂದು ಕೇಳಿಕೊಳ್ಳುವ ವ್ಯವಧಾನ ಆ ಗುಂಪಿಗೆ ಇರಲಿಲ್ಲ.

ಕಾಯ್ದೆಯ ತಿದ್ದುಪಡಿಗೆ ಕಾಯದೆ ಬಳಸಬಹುದಾದ ಅಸ್ತ್ರವೊಂದಿದೆ. ಶಿಕ್ಷೆ ವಿಧಿಸುವ ನ್ಯಾಯಾಲಯವು 20ನೇ ಸೆಕ್ಷನ್ ಅಡಿ ಅಪರಾಧಿಯನ್ನು ಲೈಸೆನ್ಸ್‌ಗೆ ಅನರ್ಹಗೊಳಿಸಬಹುದು. ಜೈಲು ಅತಿಯಾಯಿತು, ಸಾವಿರ ರೂಪಾಯಿ ಅಲ್ಪವಾಯಿತು ಎನ್ನುವ ನ್ಯಾಯಾಧೀಶರಿಗೆ ನಡುವಿನ ಮೆಟ್ಟಿಲು ಅದೇ. ಬೈಕನ್ನೇ ಅಂತಸ್ತೆಂದು ತಿಳಿದ ಹುಡುಗನಿಗೆ ವರ್ಷಕಾಲ ಬಸ್ಸಿನಲ್ಲಿ ಓಡಾಡುವುದು ಐದು ಸಾವಿರಕ್ಕಿಂತ ದುಬಾರಿ. ಸರ್ಕಾರಿ ವಕೀಲರು ಪ್ರತಿ ಪ್ರಕರಣದಲ್ಲೂ ಅದನ್ನು ಕೇಳಲು ಯಾವ ಹೊಸ ಕಾನೂನೂ ಬೇಕಿಲ್ಲ.