ಆದ್ಯತೆ ಯಾರದು, ಗುಂಡಿ ಯಾರದು?



ಚುನಾವಣೆ ಬಂತೆಂದರೆ ನಗರಪಾಲಿಕೆಗೆ ನಿಂತವನ ಜೇಬಿನಲ್ಲಿ ಒಂದು ಪಟ್ಟಿ ಹುಟ್ಟಿಕೊಳ್ಳುತ್ತದೆ. ಬಣ್ಣದ ಕಾಗದ. ಕೈಮುಗಿದ ಫೋಟೊ. ಅದರ ಕೆಳಗೆ ‘ನನ್ನ ಆದ್ಯತೆಗಳು’. ಕಾಂಕ್ರೀಟು ರಸ್ತೆ, ಬೀದಿದೀಪ, ಪಾರ್ಕು, ಇಪ್ಪತ್ನಾಲ್ಕು ಗಂಟೆ ನೀರು. ಊರು ಕಡಲ ದಂಡೆಯದಾದರೆ ಇನ್ನೆರಡು ಸಾಲು ಜಾಸ್ತಿ: ನದಿ ದಡಕ್ಕೆ ಶೃಂಗಾರ, ಬೀಚಿಗೆ ಪ್ರವಾಸಿಗಳು. ಓದಿದರೆ ಬಾಯಲ್ಲಿ ನೀರು ಬರಬೇಕು, ಹಂಗೆ ಬರೆದಿರ್ತಾರೆ.

ಈ ಪಟ್ಟಿಯನ್ನು ನಾವು ಮೇಲಿನಿಂದ ಓದಬಾರದು. ಮ್ಯಾನ್‌ಹೋಲಿನ ಒಳಗೆ ನಿಂತು, ಕತ್ತೆತ್ತಿ ಓದಬೇಕು. ಅಲ್ಲಿಂದ ಕಾಣುವ ಅಕ್ಷರವೇ ಬೇರೆ.

ಲೋಕಿಕೆರೆಯವನಿಗೆ ಕಡಲೂರಿನ ಉಸಾಬರಿ ಯಾಕಪ್ಪಾ ಅಂತ ಹಾಸ್ಟೆಲಿನ ತಮ್ಮಂದಿರು ಕೇಳಬಹುದು. ಯಾಕೆ ಅಂದರೆ, ಮಂಗಳೂರು ಪಾಲಿಕೆಗೂ ನಮ್ಮ ದಾವಣಗೆರೆ ಪಾಲಿಕೆಗೂ ಕಳೆದ ಸಲ ಓಟು ಬಿದ್ದದ್ದು ಒಂದೇ ದಿನ, 2019ರ ನವೆಂಬರ್ 12. ಅಲ್ಲಿ 60 ವಾರ್ಡು, ಇಲ್ಲಿ 45. ಅಲ್ಲಿ ಒಂದೇ ಪಕ್ಷಕ್ಕೆ 44 ಸ್ಥಾನ, ಇಲ್ಲಿ ಯಾರಿಗೂ ಬಹುಮತವಿಲ್ಲ. ಗುಂಡಿಗೆ ಇಳಿಯುವವನಿಗೆ ಬಹುಮತವೂ ಒಂದೇ, ಅತಂತ್ರವೂ ಒಂದೇ. ಇನ್ನೊಂದು ಕಾರಣವೂ ಉಂಟು. ಬಯಲುಸೀಮೆಯಲ್ಲಿ ಮಳೆ ಕೈಕೊಟ್ಟ ವರ್ಷ ಗಾರೆ ಕೆಲಸಕ್ಕೆ, ಕಾಲುವೆ ಅಗೆಯೋದಕ್ಕೆ ಘಟ್ಟ ಇಳಿದು ಹೋಗುವವರು ನಮ್ಮ ಕೇರಿಯವರೇ. ಅಲ್ಲಿ ಅವರಿಗೆ ಹೆಸರಿಲ್ಲ, ‘ಘಟ್ಟದವರು’ ಅಷ್ಟೇ. ಓಟೂ ಇಲ್ಲ. ಓಟಿಲ್ಲದವನು ಯಾವ ಅಭ್ಯರ್ಥಿಯ ಆದ್ಯತೆ?

ಆ 2019ನೇ ಇಸವಿಯನ್ನೇ ನೋಡಿ. ಆಗಸ್ಟ್ ತಿಂಗಳ ಮಳೆಗೆ ಪಚ್ಚನಾಡಿಯ ಕಸದ ಗುಡ್ಡ ಕುಸಿಯಿತು. ಮಂಗಳೂರು ಪಟ್ಟಣ ವರ್ಷಾನುಗಟ್ಟಲೆ ತಿಂದು ಬಿಸಾಕಿದ್ದು ಮಂದಾರ ಎಂಬ ಜಾಗದ ಅಡಿಕೆ, ತೆಂಗಿನ ತೋಟಗಳ ಮೇಲೆ ನದಿಯ ಹಾಗೆ ಹರಿಯಿತು. ಇಪ್ಪತ್ತಕ್ಕೂ ಹೆಚ್ಚು ಕುಟುಂಬಗಳು ಮನೆ ಬಿಟ್ಟು ಹೋಗಬೇಕಾಯಿತು. ಕಸ ಯಾರ ಮನೆಯದು? ಬಹುಮಹಡಿಯವರದು, ಹೋಟೆಲುಗಳದು, ಮಾಲುಗಳದು. ಬಿದ್ದದ್ದು ಯಾರ ಮೇಲೆ? ಅದಾದ ಮೂರೇ ತಿಂಗಳಿಗೆ ಓಟು. ಊರಿನ ಕಸ ಊರನ್ನೇ ನುಂಗಲು ಎದ್ದು ಬಂದ ವರ್ಷವೂ ‘ಸ್ವಚ್ಛ ನಗರ’ ಅಂತ ಕೈಮುಗಿದು ಕೇಳುವ ಧೈರ್ಯ ಇವರಿಗಿದೆಯಲ್ಲ!

ನಾವು ಕವಿಗಳೂ ಕಮ್ಮಿ ಇಲ್ಲ ಬಿಡಿ. ಕಡಲು ಕಂಡ ಕೂಡಲೇ ಅಲೆ, ನೊರೆ, ಸೂರ್ಯಾಸ್ತ ಅಂತ ಶುರು ಹಚ್ಚಿಕೊಳ್ತೀವಿ. ಆ ಕಡಲೂರಿನ ಬೀದಿ ಗುಡಿಸುತ್ತ ಬಂದವರಲ್ಲಿ ಕೊರಗರು ಇದ್ದಾರೆ. ಅವರ ಮೇಲೆ ಹೇರಿದ್ದ ‘ಅಜಲು’ ಪದ್ಧತಿಯನ್ನು ನಿಷೇಧಿಸಲು ಕರ್ನಾಟಕ 2000ದಲ್ಲಿ ಒಂದು ಕಾಯಿದೆಯನ್ನೇ ಮಾಡಬೇಕಾಯಿತು. ಕೂದಲು, ಉಗುರು ಕಲಸಿದ ಅನ್ನವನ್ನು ಮನುಷ್ಯನಿಗೆ ಕೊಡಬಾರದು ಅಂತ ಇಪ್ಪತ್ತನೆಯ ಶತಮಾನ ಮುಗಿಯುವಾಗ ಶಾಸನ ಬರೆಯಬೇಕಾದ ನಾಡು ಇದು. ಸೂರ್ಯಾಸ್ತ ಆಮೇಲೆ ಬರೆಯೋಣ.

ಹಣ ಇಲ್ಲವೇ? ಬೇಕಾದಷ್ಟು ಬಂದಿದೆ. 1999ರಲ್ಲಿ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲ ತಂದು ಮಂಗಳೂರು, ಉಡುಪಿ, ಕಾರವಾರದಂಥ ಕರಾವಳಿ ಪಟ್ಟಣಗಳಿಗೆ ನೀರು, ಒಳಚರಂಡಿ ಅಂತ ದೊಡ್ಡ ಯೋಜನೆ ಹೂಡಿದರು. ಆಮೇಲೆ ಸ್ಮಾರ್ಟ್ ಸಿಟಿ. 2016ರ ಜನವರಿಯ ಮೊದಲ ಪಟ್ಟಿಯಲ್ಲೇ ನಮ್ಮ ದಾವಣಗೆರೆ ಇತ್ತು, ಅದೇ ವರ್ಷ ಸೆಪ್ಟೆಂಬರಿನಲ್ಲಿ ಮಂಗಳೂರು ಸೇರಿತು. ಊರೊಂದಕ್ಕೆ ಕೇಂದ್ರದ 500 ಕೋಟಿ, ಅದಕ್ಕೆ ಸರಿಸಮ ರಾಜ್ಯದ ಪಾಲು ಅಂತ ಲೆಕ್ಕ. 2025ರ ಮಾರ್ಚಿಗೆ ಆ ಮಿಷನ್ನೂ ಮುಗಿಯಿತು. ಸ್ಮಾರ್ಟ್ ಬಸ್‌ಸ್ಟಾಪು ಬಂತು, ಫುಟ್‌ಪಾತಿಗೆ ಗ್ರಾನೈಟು ಬಂತು. ಪೈಪು ಕಟ್ಟಿಕೊಂಡ ದಿನ ಮುಚ್ಚಳ ಎತ್ತುವ ಕೈ ಮಾತ್ರ ಹಳೇದೇ ಉಳಿಯಿತು.

ಕಾನೂನು ಇಲ್ಲವೇ? ಅದೂ ಇದೆ. ದೇವರಾಜ ಅರಸು ಸರ್ಕಾರದಲ್ಲಿ ಪೌರಾಡಳಿತ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪ ತಲೆ ಮೇಲೆ ಮಲ ಹೊರುವುದನ್ನು ಈ ರಾಜ್ಯದಲ್ಲಿ ನಿಷೇಧಿಸಿದರು. ಆ ಮನುಷ್ಯನನ್ನೇ 1973ರಲ್ಲಿ ಬೂಸಾ ಗಲಾಟೆ ಎಬ್ಬಿಸಿ ಕುರ್ಚಿಯಿಂದ ಇಳಿಸಿದ್ದು ನಿಮಗೆ ಗೊತ್ತೇ ಇದೆ. ಮುಂದೆ 1993ರಲ್ಲಿ ಒಂದು ಕೇಂದ್ರ ಕಾಯಿದೆ, 2013ರಲ್ಲಿ ಇನ್ನೊಂದು. 2014ರಲ್ಲಿ ಸುಪ್ರೀಂ ಕೋರ್ಟು, ಗುಂಡಿಯಲ್ಲಿ ಸತ್ತವನ ಮನೆಗೆ 10 ಲಕ್ಷ ಕೊಡಿ ಎಂದಿತು. 2023ರ ಅಕ್ಟೋಬರಿನಲ್ಲಿ 30 ಲಕ್ಷ ಕೊಡಿ ಎಂದಿತು. ಸಾವಿನ ಪರಿಹಾರ ಮೂರು ಪಟ್ಟಾಯಿತು. ಇಳಿಸುವವನು ಇಳಿಸುತ್ತಲೇ ಇದ್ದಾನೆ. 2022ರ ಏಪ್ರಿಲಿನಲ್ಲಿ ಮಂಗಳೂರಿನ ವಿಶೇಷ ಆರ್ಥಿಕ ವಲಯದ ಮೀನು ಕಾರ್ಖಾನೆಯೊಂದರ ತ್ಯಾಜ್ಯದ ಗುಂಡಿಗೆ ಒಬ್ಬ ಬಿದ್ದ. ಅವನನ್ನು ಎತ್ತಲು ಹೋದವರೂ ಸೇರಿ ಐದು ಜನ ಸತ್ತರು. ಎಲ್ಲರೂ ಹೊಟ್ಟೆಪಾಡಿಗೆ ಪಶ್ಚಿಮ ಬಂಗಾಳದಿಂದ ಬಂದವರು. ಕಡಲೂರಿನ ‘ಉದ್ಯೋಗ ಸೃಷ್ಟಿ’ ಅಂದರೆ ಇದೂ ಸೇರಿತು.

ಠರಾವು ಮಾಡಿ ಮರೆಯುವುದು ಮುನಿಸಿಪಾಲಿಟಿಗಳ ಹುಟ್ಟುಗುಣ. ಮಹಾಡ್ ನೆನಪು ಮಾಡಿಕೊಳ್ಳಿ. ಚವದಾರ್ ಕೆರೆ ಎಲ್ಲರಿಗೂ ಮುಕ್ತ ಅಂತ 1924ರಲ್ಲೇ ಅಲ್ಲಿನ ಮುನಿಸಿಪಾಲಿಟಿ ಠರಾವು ಮಾಡಿತ್ತು. ಕಾಗದದಲ್ಲಿ ಕೆರೆ ಮುಕ್ತ, ದಂಡೆಯಲ್ಲಿ ಬಡಿಗೆ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ಹೋಗಿ ನೀರು ಮುಟ್ಟಿದರು. ಆಗ ಮುನಿಸಿಪಾಲಿಟಿ ಏನು ಮಾಡಿತು ಗೊತ್ತೇ? ಅದೇ ಆಗಸ್ಟಿನಲ್ಲಿ ತನ್ನ ಠರಾವನ್ನೇ ರದ್ದು ಮಾಡಿತು! ಅಂದರೆ, ಯಾರೂ ಮುಟ್ಟದಿರುವ ತನಕ ಮಾತ್ರ ಆ ಠರಾವಿಗೆ ಆಯುಸ್ಸು. ಇವತ್ತಿನ ಪ್ರಣಾಳಿಕೆಗಳದ್ದೂ ಅದೇ ಜಾತಿ.

ದೂರದ ಮಹಾಡ್ ಬೇಡ, ಪಕ್ಕದ ಹಾವೇರಿ ಜಿಲ್ಲೆಯ ಸವಣೂರು ಸಾಕು. 2010ರ ಜುಲೈ 20. ಪುರಸಭೆ ತಮ್ಮನ್ನು ಎಬ್ಬಿಸಿ ಅಲ್ಲಿ ಅಂಗಡಿ ಸಂಕೀರ್ಣ ಕಟ್ಟಲು ಹೊರಟಾಗ ಭಂಗಿ ಸಮುದಾಯದವರು ಪುರಸಭೆಯ ಮುಂದೆಯೇ ತಮ್ಮ ಮೈಮೇಲೆ ಮಲ ಸುರಿದುಕೊಂಡರು. ನಾಡಿಗೆ ನಾಡೇ ಮೂಗು ಮುಚ್ಚಿಕೊಂಡಿತು. ಆ ಪುರಸಭೆಯ ಆದ್ಯತೆ ಏನಿತ್ತು? ಅಂಗಡಿ. ಊರು ಚೊಕ್ಕ ಮಾಡಿದವರಿಗೆ ಮನೆಯಲ್ಲ, ಅಂಗಡಿ.

ಈಗ ನಮ್ಮೊಳಗಿನ ಮಾತು. ನಿಷ್ಠುರವಾಗಿ ಹೇಳ್ತೀನಿ, ಸಿಟ್ಟಾಗಬೇಡಿ.

ಈ ಪಟ್ಟಿಗಳನ್ನು ಮನೆಮನೆಗೆ ಹಂಚುವವರು ಯಾರು? ನಾವೇ. ಬೈಕಿಗೆ ಒಂದು ಲೀಟರ್ ಪೆಟ್ರೋಲು, ಸಂಜೆಗೆ ಮಂಡಕ್ಕಿ ಮೆಣಸಿನಕಾಯಿ, ಕತ್ತಲಾದ ಮೇಲೆ ಇನ್ನೇನೋ. ಮೀಸಲು ವಾರ್ಡಿನಲ್ಲಿ ‘ನಮ್ಮವನೇ ಗೆದ್ದ’ ಅಂತ ಪಟಾಕಿ ಹೊಡೀತೀವಿ. ಗೆದ್ದವನು ಮಾರನೇ ದಿನ ಟಿಕೆಟ್ ಕೊಟ್ಟ ದಣಿಯ ಅಂಗಳದಲ್ಲಿ ಚಪ್ಪಲಿ ಬಿಟ್ಟು ನಿಂತಿರ್ತಾನೆ. ಮೀಸಲಾತಿ ಕುರ್ಚಿ ಕೊಟ್ಟಿದೆ, ನಾಲಿಗೆಯನ್ನು ನಾವೇ ಕೊಡಬೇಕಿತ್ತು, ಕೊಡಲಿಲ್ಲ. ಹಾಸ್ಟೆಲಿನಲ್ಲಿ ಕೂತು ಬಿ.ಎ. ಓದುವವರಲ್ಲಿ ಎಷ್ಟು ಜನರ ಅವ್ವ ಬೆಳಗಿನ ಜಾವ ಐದಕ್ಕೆ ಪೊರಕೆ ಹಿಡಿದು ಹೊರಡ್ತಾಳೆ? ಅವಳ ಹೆಸರು ಹೇಳಲು ನಾಚಿ ‘ಗೌರ್ಮೆಂಟ್ ಕೆಲಸ’ ಅನ್ನುವವರು ಎಷ್ಟು ಜನ? ನಾಚಬೇಕಾದವರು ನಾವಲ್ಲ ಕಣ್ರಪ್ಪಾ, ಪಟ್ಟಿ ಬರೆದವರು.

ಒಂದು ಸಣ್ಣ ಲೆಕ್ಕ ಮಾಡೋಣ, ಆರ್ಟ್ಸ್ ಓದಿದವರಿಗೂ ಭಾಗಾಕಾರ ಬರುತ್ತೆ. ಐ.ಪಿ.ಡಿ. ಸಾಲಪ್ಪ ವರದಿ 500 ಜನಕ್ಕೆ ಒಬ್ಬ ಪೌರಕಾರ್ಮಿಕ ಇರಬೇಕು ಎಂದಿತು. ಸರ್ಕಾರ ಅದನ್ನು 700ಕ್ಕೆ ಹಿಗ್ಗಿಸಿತು. 2011ರ ಜನಗಣತಿಯಲ್ಲಿ ದಾವಣಗೆರೆಯಲ್ಲಿ 4 ಲಕ್ಷ 34 ಸಾವಿರ ಜನ. ಸಾಲಪ್ಪನವರ ಲೆಕ್ಕದಲ್ಲಿ 868 ಪೌರಕಾರ್ಮಿಕರು, ಸರ್ಕಾರದ ಲೆಕ್ಕದಲ್ಲಿ 620. ಒಂದು ಅಂಕಿ ತಿದ್ದಿದ್ದಕ್ಕೆ ಒಂದೇ ಊರಿನಲ್ಲಿ ಸುಮಾರು 250 ಕೆಲಸ ಮಾಯ! ಅಷ್ಟು ಜನರ ಕಸ ಉಳಿದವರ ಸೊಂಟದ ಮೇಲೆ. 2022ರ ಜುಲೈನಲ್ಲಿ ರಾಜ್ಯದ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟ ಮೇಲೆಯೇ ಸೆಪ್ಟೆಂಬರಿನಲ್ಲಿ 11,133 ಮಂದಿಯನ್ನು ಕಾಯಂ ಮಾಡಲು ಮಂತ್ರಿಮಂಡಲ ಒಪ್ಪಿದ್ದು. ಮನವಿಪತ್ರಕ್ಕೆ ಅಲ್ಲ, ಕೆಳಗಿಟ್ಟ ಪೊರಕೆಗೆ.

ಆಮೇಲೆ ನಿಮ್ಮದೇ ದುಡ್ಡು. ಪಾಲಿಕೆ ತನ್ನ ಸ್ವಂತ ಸಂಪನ್ಮೂಲದಲ್ಲಿ ಶೇ. 24.10ನ್ನು ಪರಿಶಿಷ್ಟ ಜಾತಿ, ಪಂಗಡದವರಿಗೆ ಎತ್ತಿಡಬೇಕು. ನೂರು ರೂಪಾಯಿಯಲ್ಲಿ ಇಪ್ಪತ್ನಾಲ್ಕು ರೂಪಾಯಿ ಹತ್ತು ಪೈಸೆ. ಭಿಕ್ಷೆ ಅಲ್ಲ, ನಿಯಮ. ಅದು ನಿಮ್ಮ ಫೀಸಾಯಿತೋ, ಪುಸ್ತಕವಾಯಿತೋ, ಕೇರಿಯ ಹೆಸರಲ್ಲಿ ಕಂಟ್ರಾಕ್ಟರನ ಕಾಂಕ್ರೀಟಾಯಿತೋ? ಕೇಳಿದ್ದೀರಾ?

ಮಂಗಳೂರಿನ ಕೌನ್ಸಿಲಿನ ಅವಧಿ 2025ರ ಫೆಬ್ರವರಿಗೆ ಮುಗಿಯಿತು. ಮುಂದಿನ ಓಟಿಗೆ ಅಲ್ಲಾಗಲಿ ಇಲ್ಲಾಗಲಿ ಕೈಮುಗಿದು ಬಂದವನ ಮುಂದೆ ಮೂರು ಪ್ರಶ್ನೆ ಇಡಿ. ನಿಮ್ಮ ವಾರ್ಡಿನಲ್ಲಿ ಮ್ಯಾನ್‌ಹೋಲಿಗೆ ಮನುಷ್ಯನನ್ನು ಇಳಿಸಿದವನ ಮೇಲೆ 2013ರ ಕಾಯಿದೆಯಲ್ಲಿ ನೀವೇ ನಿಂತು ಕೇಸು ಹಾಕಿಸ್ತೀರಾ? ಕಸದ ಗಾಡಿಯ ಲೋಡರು, ಡ್ರೈವರು, ಯುಜಿಡಿಯವರನ್ನು ಗುತ್ತಿಗೆದಾರನ ಕೈಯಿಂದ ಬಿಡಿಸ್ತೀರಾ? 24.10ರ ಲೆಕ್ಕವನ್ನು ವರ್ಷಕ್ಕೊಮ್ಮೆ ನಮ್ಮ ಕೇರಿಗೆ ಬಂದು, ನೆಲದ ಮೇಲೆ ಕೂತು, ಓದಿ ಹೇಳ್ತೀರಾ?

ಬಾಯಿ ಮಾತು ಬೇಡ. ಅದೇ ಬಣ್ಣದ ಕಾಗದದ ಹಿಂದೆ ಜಾಗ ಖಾಲಿ ಇರುತ್ತೆ, ಅಲ್ಲಿ ಬರೆಸಿ, ಸಹಿ ಹಾಕಿಸಿ, ಹಾಸ್ಟೆಲಿನ ನೋಟಿಸ್ ಬೋರ್ಡಿಗೆ ಅಂಟಿಸಿ. ಸಹಿ ಹಾಕದವನ ಹೆಸರನ್ನೂ ಪಕ್ಕದಲ್ಲೇ ಬರೆಯಿರಿ. ದೊಡ್ಡಕ್ಷರದಲ್ಲಿ.